ಮಲೆನಾಡಿನ ಮನೆಗೆ ಕರೆಂಟು ಕಾರು: ಲೆಕ್ಕ, ಅರ್ಥಿಂಗ್, ಮಳೆಗಾಲ

ಅಡಿಕೆ ಮಂಡಿಯ ದುಡ್ಡು ಕೈಗೆ ಬರುವ ಹೊತ್ತಿಗೆ ನನಗೆ ಫೋನು ಶುರುವಾಗುತ್ತದೆ. ಮೊದಲೆಲ್ಲ ಪಂಪ್‌ಸೆಟ್ಟು, ಯುಪಿಎಸ್ಸು, ಹೊಸ ಮನೆಯ ವೈರಿಂಗು ಅಂತ ಕರೆಯುತ್ತಿದ್ದವರು ಈಗ ಕೇಳುವುದೇ ಬೇರೆ: "ಕರೆಂಟು ಕಾರು ತಗಳ್ಳದಾ, ಇಲ್ಲಾ ಹೈಡ್ರೋಜನ್ ಬರೋವರೆಗೆ ಕಾಯದಾ? ಪರಿಸರಕ್ಕೆ ಯಾವುದು ಒಳ್ಳೇದು?"

ಹೊಸನಗರದ ಸುತ್ತಮುತ್ತ ಇಪ್ಪತ್ತೆರಡು ವರ್ಷದಿಂದ ವೈರಿಂಗ್ ಕೆಲಸ ಮಾಡುತ್ತಿದ್ದೇನೆ. ಮೂರು ವರ್ಷದಿಂದ ನನ್ನ ಓಡಾಟವೂ ಬ್ಯಾಟರಿ ಕಾರಿನಲ್ಲೇ. ಸೆಕೆಂಡ್ ಹ್ಯಾಂಡ್ ಗಾಡಿ, 30 ಯೂನಿಟ್ (ಕಿಲೋವಾಟ್ ಅವರ್) ಹಿಡಿಯುವ ಬ್ಯಾಟರಿ. ಫೋನಿನಲ್ಲಿ ಐದು ನಿಮಿಷದಲ್ಲಿ ಹೇಳಿ ಮುಗಿಯುವ ವಿಷಯ ಇದಲ್ಲ. ಅದಕ್ಕೇ ಇಲ್ಲಿ ಬರೆದಿಡುತ್ತಿದ್ದೇನೆ.

ಒಂದು ಮಾತು ಮೊದಲೇ ಹೇಳಬೇಕು. ನನ್ನ ಅಜ್ಜನ ಮನೆ, ತೋಟ, ಗದ್ದೆ ಎಲ್ಲ ಇರುವುದು ಲಿಂಗನಮಕ್ಕಿ ಹಿನ್ನೀರಿನ ಅಡಿಯಲ್ಲಿ. 1964ರಲ್ಲಿ ಅಣೆಕಟ್ಟು ಮುಗಿಯಿತು, ನಮ್ಮವರು ಗಂಟುಮೂಟೆ ಕಟ್ಟಿಕೊಂಡು ಲಾರಿ ಹತ್ತಿದರು. ಆ ನೀರಿನಿಂದ ಊರೂರಿಗೆ ಬೆಳಕು ಹೋಯಿತು. ನಮ್ಮ ಹೊಸ ಮನೆಗೆ ಕರೆಂಟು ಬಂದದ್ದು ನಾನು ಹೈಸ್ಕೂಲಿಗೆ ಹೋಗುವಾಗ. ಹಾಗಾಗಿ "ಸ್ವಚ್ಛ ವಿದ್ಯುತ್" ಎಂಬ ಮಾತು ಕೇಳಿದಾಗ ನನಗೆ ತಕ್ಷಣ ತಲೆ ಆಡಿಸಲು ಆಗುವುದಿಲ್ಲ. ಯಾವ ಕರೆಂಟಿಗೂ ಎಲ್ಲೋ ಯಾರೋ ಬೆಲೆ ಕೊಟ್ಟಿರುತ್ತಾರೆ. ನಮ್ಮ ಅಂಗಳಕ್ಕೆ ಬರುವ ಕಾರಿನ ವಿಷಯದಲ್ಲಿ ಆ ಬೆಲೆ ಎಷ್ಟು ಎಂದು ಎಣಿಸಿ ನೋಡುವುದು ಸಾಧ್ಯ, ಕಷ್ಟವೂ ಅಲ್ಲ.

ಹೈಡ್ರೋಜನ್ನಿಗೆ ಕಾಯಬೇಕೇ?

ಬೇಡ. ಯಾಕೆಂದು ಹೇಳುತ್ತೇನೆ.

ಹೈಡ್ರೋಜನ್ ಕಾರು ಕೂಡ ಒಳಗೆ ಕರೆಂಟು ಕಾರೇ. ಟ್ಯಾಂಕಿನ ಹೈಡ್ರೋಜನ್ನು ಗಾಳಿಯ ಆಮ್ಲಜನಕದ ಜೊತೆ ಫ್ಯೂಯಲ್ ಸೆಲ್‌ನಲ್ಲಿ ಸೇರಿ ಕರೆಂಟು ಹುಟ್ಟುತ್ತದೆ, ಆ ಕರೆಂಟಿನಿಂದ ಮೋಟಾರು ತಿರುಗುತ್ತದೆ, ಹಿಂದಿನ ಕೊಳವೆಯಿಂದ ಬರುವುದು ಬರೀ ನೀರು. 2022ರ ಮಾರ್ಚ್‌ನಲ್ಲಿ ಕೇಂದ್ರ ಸಚಿವ ನಿತಿನ್ ಗಡ್ಕರಿ ಟೊಯೋಟಾ ಮಿರಾಯ್ ಎಂಬ ಇಂಥದೇ ಕಾರಿನಲ್ಲಿ ಸಂಸತ್ತಿಗೆ ಹೋದ ದೃಶ್ಯವನ್ನು ಟಿವಿಯಲ್ಲಿ ನೋಡಿದ ಮೇಲೇ ನಮ್ಮೂರಲ್ಲಿ ಈ ಪ್ರಶ್ನೆ ಎದ್ದದ್ದು. ಆ ಕಾರಿನ ಟ್ಯಾಂಕು ಹಿಡಿಯುವುದು 5.6 ಕೆಜಿ. ಐದು ನಿಮಿಷದಲ್ಲಿ ತುಂಬುತ್ತದೆ, 600 ಕಿಲೋಮೀಟರ್ ಮೀರಿ ಓಡುತ್ತದೆ. ಬ್ಯಾಟರಿ ಕಾರಿಗೆ ಆಗದ ಕೆಲಸ ಅದು, ಒಪ್ಪಲೇಬೇಕು.

ಆದರೆ ಹೈಡ್ರೋಜನ್ ಮಾಡುವ ಲೆಕ್ಕ ನೋಡಿ. ನೀರನ್ನು ಕರೆಂಟಿನಿಂದ ಒಡೆದು ಒಂದು ಕೆಜಿ ತೆಗೆಯಲು 50ರಿಂದ 55 ಯೂನಿಟ್ ಬೇಕು. ಅದನ್ನು 700 ಬಾರ್ ಒತ್ತಡಕ್ಕೆ ತುಂಬಲು ಇನ್ನೂ ಮೂರು ನಾಲ್ಕು ಯೂನಿಟ್. ಅಡುಗೆ ಸಿಲಿಂಡರಿನ ಒಳಗಿರುವುದಕ್ಕಿಂತ ಸುಮಾರು ನೂರು ಪಟ್ಟು ಒತ್ತಡ ಅದು. ಇಷ್ಟು ಮಾಡಿ ಸಿಕ್ಕ ಒಂದು ಕೆಜಿಯಲ್ಲಿ ಕಾರು ಓಡುವುದು ಹತ್ತಿರ ಹತ್ತಿರ 100 ಕಿಲೋಮೀಟರ್. ಅದೇ 58 ಯೂನಿಟ್ಟನ್ನು ನೇರ ಬ್ಯಾಟರಿಗೆ ತುಂಬಿದರೆ ಅಷ್ಟೇ ದೊಡ್ಡ ಕಾರು ಮುನ್ನೂರರ ಆಸುಪಾಸು ಹೋಗುತ್ತದೆ. ಒಂದೇ ಊರಿಗೆ ಮೂರು ಪಟ್ಟು ಕರೆಂಟು. ಮೂರು ಪಟ್ಟು ಕರೆಂಟೆಂದರೆ ಮೂರು ಪಟ್ಟು ಸೋಲಾರ್ ಹಾಸು, ಮೂರು ಪಟ್ಟು ಕಲ್ಲಿದ್ದಲು, ಅಥವಾ ಮುಳುಗಲು ಇನ್ನೊಂದು ಕಣಿವೆ. ಕಲ್ಲಿದ್ದಲಿನ ಕರೆಂಟೇ ಬಹುಪಾಲಿರುವ ಗ್ರಿಡ್ಡಿನಿಂದ, ಅಂದರೆ ದೇಶದ ವಿದ್ಯುತ್ ಜಾಲದಿಂದ, ಆ ಹೈಡ್ರೋಜನ್ ಮಾಡಿದರೆ ಪೆಟ್ರೋಲ್ ಕಾರಿಗಿಂತಲೂ ಹೆಚ್ಚು ಕಾರ್ಬನ್ ಬೀಳುತ್ತದೆ. ಇವತ್ತು ಜಗತ್ತಿನಲ್ಲಿ ತಯಾರಾಗುವ ಹೈಡ್ರೋಜನ್ ಬಹುತೇಕ ನೈಸರ್ಗಿಕ ಅನಿಲ ಮತ್ತು ಕಲ್ಲಿದ್ದಲಿನಿಂದಲೇ. ಅನಿಲದಿಂದ ಒಂದು ಕೆಜಿ ತೆಗೆದರೆ 9–10 ಕೆಜಿ ಕಾರ್ಬನ್ ಡೈಆಕ್ಸೈಡ್ ಹೊರಬೀಳುತ್ತದೆ. ಕೊಳವೆಯಿಂದ ನೀರು ತೊಟ್ಟಿಕ್ಕುವುದು ನಿಜ. ಹೊಗೆ ಬೇರೆ ಊರಿನಲ್ಲಿ ಎದ್ದಿರುತ್ತದೆ.

ಹಾಗೆಂದು ಹೈಡ್ರೋಜನ್ ಕೆಲಸಕ್ಕೆ ಬಾರದ್ದು ಎಂದು ನಾನು ಹೇಳುತ್ತಿಲ್ಲ. ಅದರ ಜಾಗ ಬೇರೆ. ನಮ್ಮ ಭದ್ರಾವತಿಯನ್ನೇ ತಗೊಳ್ಳಿ. 1923ರಲ್ಲಿ ಅಲ್ಲಿ ಕಬ್ಬಿಣ ಕರಗಲು ಶುರುವಾದಾಗ ಕುಲುಮೆಗೆ ಹೋದದ್ದು ಮಲೆನಾಡಿನ ಮರ ಸುಟ್ಟು ಮಾಡಿದ ಇದ್ದಿಲು. ಅದಿರಿನಿಂದ ಆಮ್ಲಜನಕವನ್ನು ಕಿತ್ತು ತೆಗೆಯಲು ಇಂಗಾಲ ಬೇಕು, ಅದಕ್ಕೆ ಇದ್ದಿಲು. ಬೇರೆ ಕಡೆ ಕಲ್ಲಿದ್ದಲಿನ ಕೋಕ್. ಆ ಕೆಲಸವನ್ನು ಹೈಡ್ರೋಜನ್ ಮಾಡಬಲ್ಲದು, ಉಳಿಯುವುದು ನೀರಾವಿ. ಸ್ವೀಡನ್ನಿನಲ್ಲಿ 2021ರಲ್ಲಿ ಹಾಗೆ ಮಾಡಿದ ಉಕ್ಕು ಹೊರಬಂದಾಗಿದೆ. ಗೊಬ್ಬರದ ಕಾರ್ಖಾನೆಗೆ, ದೂರ ಹೋಗುವ ಭಾರದ ಲಾರಿಗೆ ಹೈಡ್ರೋಜನ್ ಬರಲಿ. ಅಲ್ಲಿ ಬ್ಯಾಟರಿಗೆ ಕಷ್ಟ. ಹೊಸನಗರದಿಂದ ಸಾಗರಕ್ಕೆ ಹೋಗಿ ಬರುವ ನಾಲ್ಕು ಸೀಟಿನ ಕಾರಿಗೆ ಅದು ಬೇಕಾಗಿಲ್ಲ. ನಮ್ಮ ಜಿಲ್ಲೆಯಲ್ಲಿ ತುಂಬಿಸಿಕೊಳ್ಳಲು ಪಂಪೂ ಇಲ್ಲ.

ಶೋರೂಮಿಗೆ ಹೋಗುವ ಮೊದಲು ಒಂದು ಹಾಳೆ, ಒಂದು ಪೆನ್ನು

ಮೊದಲನೇ ಕೆಲಸ: ಕಳೆದ ಒಂದು ವರ್ಷ ನಿಮ್ಮ ಈಗಿನ ಕಾರು ಎಷ್ಟು ಕಿಲೋಮೀಟರ್ ಓಡಿದೆ ಎಂದು ಬರೆಯಿರಿ. ಅಂದಾಜು ಬೇಡ. ಸರ್ವಿಸ್ ಚೀಟಿಯಲ್ಲಿ ಓಡೋಮೀಟರ್ ರೀಡಿಂಗ್ ಇರುತ್ತದೆ, ಎರಡು ಚೀಟಿ ಹಿಡಿದು ಕಳೆಯಿರಿ. ನಾನು ಕೇಳಿದವರೆಲ್ಲ ಇದ್ದದ್ದಕ್ಕಿಂತ ಹೆಚ್ಚೇ ಹೇಳಿದ್ದಾರೆ.

ಇನ್ನು ನನ್ನ ಲೆಕ್ಕ. ಚಾರ್ಜರ್ ಲೈನಿಗೆ ಒಂದು ಸಬ್‌ಮೀಟರ್ ಹಾಕಿದ್ದೇನೆ. ನೀವೂ ಹಾಕಿಸಿ, ಖರ್ಚು ದೊಡ್ಡದಲ್ಲ. 1,000 ಕಿಲೋಮೀಟರ್ ಓಡಲು ನನ್ನ ಗೋಡೆಯಿಂದ ಹೋದದ್ದು 158 ಯೂನಿಟ್. ಕಾರಿನ ಪರದೆ ಇದಕ್ಕಿಂತ ಕಡಿಮೆ ತೋರಿಸುತ್ತದೆ, ಯಾಕೆಂದರೆ ಚಾರ್ಜ್ ಆಗುವಾಗ ಬಿಸಿಯಾಗಿ ಹೋದದ್ದನ್ನು ಅದು ಎಣಿಸುವುದಿಲ್ಲ. ನೀವು ಗೋಡೆಯ ಲೆಕ್ಕವನ್ನೇ ಹಿಡಿಯಿರಿ.

ಕೇಂದ್ರ ವಿದ್ಯುತ್ ಪ್ರಾಧಿಕಾರದ ಲೆಕ್ಕದಲ್ಲಿ ದೇಶದ ಗ್ರಿಡ್ಡಿನ ಒಂದು ಯೂನಿಟ್ಟಿಗೆ ಸರಾಸರಿ 0.7 ಕೆಜಿಗಿಂತ ತುಸು ಹೆಚ್ಚು ಕಾರ್ಬನ್ ಡೈಆಕ್ಸೈಡ್. 0.72 ಅಂತಿಟ್ಟುಕೊಂಡರೆ 158 ಯೂನಿಟ್ಟಿಗೆ 114 ಕೆಜಿ. ತಂತಿಯಲ್ಲಿ ಸೋರಿದ್ದನ್ನೂ ಸೇರಿಸಿ, 130 ಕೆಜಿ. ನನ್ನ ಹಳೇ ಪೆಟ್ರೋಲ್ ಕಾರು ಲೀಟರಿಗೆ 16 ಕೊಡುತ್ತಿತ್ತು. 1,000 ಕಿಲೋಮೀಟರಿಗೆ 62 ಲೀಟರ್ ಚಿಲ್ಲರೆ. ಒಂದು ಲೀಟರ್ ಉರಿದರೆ 2.3 ಕೆಜಿ, ಅಂದರೆ 144 ಕೆಜಿ. ಕಚ್ಚಾ ತೈಲ ತೆಗೆದು, ಸಾಗಿಸಿ, ಶುದ್ಧ ಮಾಡುವ ಖರ್ಚು ಐದನೇ ಒಂದು ಪಾಲು ಸೇರಿಸಿದರೆ 170ರ ಮೇಲೆ.

ಅಂದರೆ ಬರೀ ಗ್ರಿಡ್ ಕರೆಂಟಿನಲ್ಲಿ ಓಡಿಸಿದರೆ ಸಾವಿರ ಕಿಲೋಮೀಟರಿಗೆ ಉಳಿಯುವುದು 40 ಕೆಜಿ. ಜಾಹೀರಾತಿನಲ್ಲಿ ಕಾಣುವ ಹಸಿರು ಎಲೆಗೆ ಹೋಲಿಸಿದರೆ ಇದು ಸಣ್ಣದು. ಆದರೂ ಉಳಿತಾಯವೇ.

ಈಗ ಬ್ಯಾಟರಿ ಹುಟ್ಟುವಾಗಿನ ಸಾಲ. ಒಂದು ಯೂನಿಟ್ ಹಿಡಿಯುವ ಬ್ಯಾಟರಿ ಮಾಡಲು ಅಂದಾಜು 60ರಿಂದ 100 ಕೆಜಿ ಕಾರ್ಬನ್ ಡೈಆಕ್ಸೈಡ್. 80 ಎಂದು ಹಿಡಿದರೆ 30 ಯೂನಿಟ್ಟಿನದಕ್ಕೆ 2,400 ಕೆಜಿ. ಹೊಸ ಕಾರು ಮನೆಗೆ ಬರುವಾಗಲೇ ಈ ಸಾಲ ಹೊತ್ತು ಬರುತ್ತದೆ. ಸಾವಿರಕ್ಕೆ 40 ಕೆಜಿಯಂತೆ ತೀರಿಸುತ್ತಾ ಹೋದರೆ 60,000 ಕಿಲೋಮೀಟರ್ ಬೇಕು. ಮನೆಯ ಸೋಲಾರಿನಿಂದಲೇ ಚಾರ್ಜ್ ಆದರೆ ಸಾವಿರಕ್ಕೆ ಉಳಿಯುವುದು 160ರ ಹತ್ತಿರ, 15,000 ಕಿಲೋಮೀಟರಿಗೆ ಸಾಲ ತೀರುತ್ತದೆ. ಅರ್ಧ ಅದು ಅರ್ಧ ಇದು ಆದರೆ 24,000.

ಈಗ ನಿಮ್ಮ ಹಾಳೆ ನೋಡಿ. ವರ್ಷಕ್ಕೆ 15,000 ಓಡುವವರಾದರೆ ಗ್ರಿಡ್ಡಿನಲ್ಲೇ ನಾಲ್ಕು ವರ್ಷ, ಸೋಲಾರ್ ಇದ್ದರೆ ಒಂದು ವರ್ಷ. ಖಂಡಿತ ತಗೊಳ್ಳಿ. ವರ್ಷಕ್ಕೆ 4,000–5,000 ಓಡುವವರು, ಅಂದರೆ ವಾರಕ್ಕೊಮ್ಮೆ ಸಂತೆ, ತಿಂಗಳಿಗೊಮ್ಮೆ ಶಿವಮೊಗ್ಗದ ಆಸ್ಪತ್ರೆ, ವರ್ಷಕ್ಕೆರಡು ಮದುವೆ ಅಷ್ಟೇ ಇರುವ ಮನೆಯವರಿಗೆ ನಾನು ಹೇಳುವುದು ಬೇರೆ: ಸೋಲಾರ್ ಇಲ್ಲದಿದ್ದರೆ ಇರುವ ಕಾರನ್ನೇ ಚೆನ್ನಾಗಿ ಇಟ್ಟುಕೊಂಡು ಓಡಿಸಿ, ಸಿಗುವಲ್ಲಿ ಬಸ್ ಹತ್ತಿ. ಬ್ಯಾಟರಿಯೇ ಬೇಕೆಂದರೆ ಪೇಟೆ ಓಡಾಟಕ್ಕೆ ಸ್ಕೂಟರ್ ತಗೊಳ್ಳಿ. ಎರಡು ಮೂರು ಯೂನಿಟ್ ಬ್ಯಾಟರಿ, ಸಾಲವೂ ಅಷ್ಟೇ ಸಣ್ಣದು. ಒಂದು ತಿಂಗಳು ಬೇಸರ ಮಾಡಿಕೊಂಡರೂ ಪರವಾಗಿಲ್ಲ, ನಾನು ಹೀಗೆ ಹೇಳಿ ಕಳಿಸಿದವರಿದ್ದಾರೆ.

ಬ್ಯಾಟರಿ ದೊಡ್ಡದಾದಷ್ಟೂ ಸಾಲ ದೊಡ್ಡದು ಎಂಬುದನ್ನೂ ಮರೆಯಬೇಡಿ. ದಿನಕ್ಕೆ 60 ಕಿಲೋಮೀಟರ್ ಓಡುವವರು 70 ಯೂನಿಟ್ ಬ್ಯಾಟರಿ ಹೊತ್ತು ತಿರುಗುವುದು ಶುದ್ಧ ವ್ಯರ್ಥ. ಭಾರಕ್ಕೆ ಟೈರೂ ಬೇಗ ಸವೆಯುತ್ತದೆ, ಆ ಟೈರಿನ ಧೂಳು ಮಳೆ ನೀರಿನ ಜೊತೆ ಹಳ್ಳಕ್ಕೇ ಇಳಿಯುವುದು.

ಬ್ಯಾಟರಿಯ ಜಾತಿ ಕೇಳಿ

ಕುದುರೆಮುಖದ ಗಣಿಗಾರಿಕೆ 2005ರ ಕೊನೆಗೆ ನಿಂತಿತು. ಸುಪ್ರೀಂ ಕೋರ್ಟ್ ನಿಲ್ಲಿಸಿತು. ಭದ್ರಾ ಹೊಳೆಯ ಕೆಂಪು ನೀರು ನೋಡಿದ ನಮಗೆ ಗಣಿ ಎಂದರೆ ಏನೆಂದು ಯಾರೂ ಹೇಳಿಕೊಡಬೇಕಿಲ್ಲ. ಬ್ಯಾಟರಿಗೆ ಹೋಗುವ ಕೋಬಾಲ್ಟ್ ಬಹುಪಾಲು ಬರುವುದು ಆಫ್ರಿಕಾದ ಕಾಂಗೋದಿಂದ, ನಿಕ್ಕಲ್ ಹೆಚ್ಚಾಗಿ ಇಂಡೋನೇಷ್ಯಾದಿಂದ. ಅಲ್ಲಿಯೂ ಹೊಳೆಗಳಿವೆ, ಅಲ್ಲಿಯೂ ಊರುಗಳಿವೆ.

ನಮ್ಮ ಕೈಯಲ್ಲಿರುವ ಆಯ್ಕೆ ಒಂದಿದೆ. ಶೋರೂಮಿನಲ್ಲಿ "ಬ್ಯಾಟರಿ ಎಲ್‌ಎಫ್‌ಪಿಯೋ, ಎನ್‌ಎಂಸಿಯೋ?" ಎಂದು ಕೇಳಿ. ಎನ್‌ಎಂಸಿ ಎಂದರೆ ನಿಕ್ಕಲ್, ಮ್ಯಾಂಗನೀಸ್, ಕೋಬಾಲ್ಟ್. ಎಲ್‌ಎಫ್‌ಪಿ ಎಂದರೆ ಲಿಥಿಯಂ, ಕಬ್ಬಿಣ, ಫಾಸ್ಫೇಟ್. ಅದರಲ್ಲಿ ಕೋಬಾಲ್ಟೂ ಇಲ್ಲ, ನಿಕ್ಕಲ್ಲೂ ಇಲ್ಲ. ತೂಕ ಸ್ವಲ್ಪ ಹೆಚ್ಚು, ಬಾಳಿಕೆ ಜಾಸ್ತಿ, ಬೆಂಕಿಯ ಭಯ ಕಡಿಮೆ. ಮಲೆನಾಡಿನ ಓಡಾಟಕ್ಕೆ ನಾನು ಅದನ್ನೇ ಹೇಳುತ್ತೇನೆ. ಲಿಥಿಯಂ ಮಾತ್ರ ಎರಡರಲ್ಲೂ ಬೇಕು, ಅದನ್ನು ತಪ್ಪಿಸುವಂತಿಲ್ಲ.

ಸೆಕೆಂಡ್ ಹ್ಯಾಂಡ್ ಆದರೆ ಬ್ಯಾಟರಿಯ ಆರೋಗ್ಯದ ವರದಿಯನ್ನು ಕಂಪನಿ ಸರ್ವಿಸ್ ಸೆಂಟರಿನಿಂದಲೇ ಬರೆಸಿ ತಗೊಳ್ಳಿ. ಜೊತೆಗೆ ನೀವೇ 100 ಪರ್ಸೆಂಟಿಗೆ ತುಂಬಿಸಿ, 20ಕ್ಕೆ ಇಳಿಯುವವರೆಗೆ ಓಡಿಸಿ, ಮತ್ತೆ ತುಂಬಲು ಎಷ್ಟು ಯೂನಿಟ್ ಹಿಡಿಯಿತು ನೋಡಿ. ಕಾರಿನ ಹೊಟ್ಟೆಯಡಿ ಮಲಗಿ ನೋಡುವುದನ್ನು ಮರೆಯಬೇಡಿ. ನಮ್ಮ ಮಣ್ಣುರಸ್ತೆಯ ನಡುಗಲ್ಲುಗಳು ಬ್ಯಾಟರಿ ಪೆಟ್ಟಿಗೆಗೆ ಬಡಿದ ಗುರುತು ಅಲ್ಲಿ ಸಿಗುತ್ತದೆ. ಹಳೇ ಬ್ಯಾಟರಿ ಕೊನೆಗೆ ಗುಜರಿಗೆ ಹೋಗಕೂಡದು. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ವಾಪಸ್ ಸಂಗ್ರಹಿಸುವ ಹೊಣೆ ತಯಾರಕರದ್ದು. ಬಿಲ್ಲು ಜೋಪಾನ ಮಾಡಿ ಇಡಿ.

ಅರ್ಥಿಂಗ್

ನನ್ನ ಅನುಭವದಲ್ಲಿ ಮಲೆನಾಡಿನ ಮನೆಗಳಲ್ಲಿ ಕರೆಂಟು ಕಾರಿಗೆ ಬರುವ ತೊಂದರೆ ಹತ್ತರಲ್ಲಿ ಏಳು ಕಾರಿನದ್ದಲ್ಲ, ಅರ್ಥಿಂಗಿನದ್ದು, ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ವ್ಯವಸ್ಥೆಯದ್ದು. ಅದಕ್ಕೆ ಇದನ್ನು ಬಿಡಿಸಿ ಬರೆಯುತ್ತೇನೆ.

ನಮ್ಮದು ಜಂಬಿಟ್ಟಿಗೆ ನೆಲ. ಮಳೆಗಾಲದಲ್ಲಿ ಕಾಲಿಟ್ಟಲ್ಲಿ ನೀರು. ಫೆಬ್ರವರಿ ದಾಟಿತೆಂದರೆ ಅದೇ ನೆಲ ಒಣಗಿದ ರೊಟ್ಟಿ. ಒಣ ಜಂಬಿಟ್ಟಿಗೆಯೊಳಗೆ ಕರೆಂಟು ಇಳಿಯುವುದಿಲ್ಲ. ಫ್ರಿಜ್ಜಿಗೆ, ಮಿಕ್ಸಿಗೆ ಅದು ಗೊತ್ತಾಗುವುದಿಲ್ಲ. ಕಾರಿನ ಚಾರ್ಜರಿಗೆ ಗೊತ್ತಾಗುತ್ತದೆ. ಅದು ಮೊದಲು ಅರ್ಥ್ ಪರೀಕ್ಷಿಸಿ, ಸರಿ ಇಲ್ಲದಿದ್ದರೆ ಕೆಂಪು ದೀಪ ಮಿನುಗಿಸಿ ಸುಮ್ಮನಾಗುತ್ತದೆ.

ಒಂದು ಮಾರ್ಚ್ ತಿಂಗಳು ರಿಪ್ಪನ್‌ಪೇಟೆ ಕಡೆಯ ಒಂದು ಮನೆಗೆ ಕರೆದರು. ಡಿಸೆಂಬರಿನಲ್ಲಿ ತಂದ ಕಾರು, ಮೂರು ತಿಂಗಳು ಚೆನ್ನಾಗಿ ಚಾರ್ಜ್ ಆಗಿತ್ತು, ಈಗ ಆಗುತ್ತಿಲ್ಲ. ಕಾರು ಕೆಟ್ಟಿದೆ ಎಂದು ಅವರಿಗೆ ಗಾಬರಿ. ಮೀಟರ್ ಹಿಡಿದು ನ್ಯೂಟ್ರಲ್ಲಿಗೂ ಅರ್ಥಿಗೂ ನಡುವೆ ನೋಡಿದರೆ 38 ವೋಲ್ಟ್. ಎರಡು ಮೂರು ಇರಬೇಕಾದ್ದು. ಹಿತ್ತಲಿಗೆ ಹೋಗಿ ಅರ್ಥ್ ಪೈಪಿನ ಬುಡಕ್ಕೆ ನಾಲ್ಕು ಕೊಡ ನೀರು ಸುರಿಯಲು ಹೇಳಿದೆ. ಅರ್ಧ ಗಂಟೆಯಲ್ಲಿ 38 ಇದ್ದದ್ದು 9ಕ್ಕೆ ಇಳಿಯಿತು, ದೀಪ ಹಸಿರಾಯಿತು. ಆ ಮನೆಯ ಅಜ್ಜಿ ಹತ್ತಿರ ಬಂದು ಕೇಳಿದರು, "ಕಾರಿಗೂ ಬಾಯಾರಿಕೆ ಆಗ್ತದನ?"

ನೀರು ಸುರಿಯುವುದು ಆ ದಿನದ ಮದ್ದು. ಸರಿಯಾದ ಕೆಲಸ ಹೀಗೆ: ಜಾಗ ಹುಡುಕುವಾಗ ಬಚ್ಚಲ ನೀರು ಹರಿಯುವ ಬದಿ, ಬಾವಿಕಟ್ಟೆಯ ತೇವ, ತೋಟದ ಅಂಚು ಇಂಥಲ್ಲಿ ನೋಡಿ. ಜಂಬಿಟ್ಟಿಗೆ ಪದರ ದಾಟಿ ಅಡಿಯ ಶೇಡಿ ಮಣ್ಣು ಸಿಗುವವರೆಗೆ ಇಳಿಯಿರಿ. ಶೇಡಿ ಬೇಸಿಗೆಯಲ್ಲೂ ತೇವ ಹಿಡಿದಿರುತ್ತದೆ. ಎರಡೂವರೆ ಮೀಟರ್ ಜಿಐ ಪೈಪು ನಿಲ್ಲಿಸಿ, ಸುತ್ತ ಇದ್ದಿಲು ಮತ್ತು ಉಪ್ಪು ಪದರ ಪದರವಾಗಿ ತುಂಬಿ, ಮೇಲೆ ನೀರು ಹಾಕಲು ಬಾಯಿ ಬಿಟ್ಟು ಕಟ್ಟೆ ಕಟ್ಟಿ. ರೆಸಿಸ್ಟೆನ್ಸ್ 5 ಓಮ್‌ಗಿಂತ ಕೆಳಗೆ ಬರುವಂತೆ ನೋಡಿ. ಒಂದು ಗುಂಡಿಯಲ್ಲಿ ಬರದಿದ್ದರೆ ಮೂರು ಮೀಟರ್ ಆಚೆ ಇನ್ನೊಂದು ಹಾಕಿ ಎರಡನ್ನೂ ಜೋಡಿಸಿ. ಅಳೆಯುವುದು ಏಪ್ರಿಲ್ಲಿನಲ್ಲಿ. ಆಷಾಢದಲ್ಲಿ ಅಳೆದ ಅರ್ಥಿಂಗ್ ಎಲ್ಲರ ಮನೆಯಲ್ಲೂ ಚೆನ್ನಾಗಿರುತ್ತದೆ.

ಇನ್ನೊಂದನ್ನು ಕೈಮುಗಿದು ಹೇಳುತ್ತೇನೆ. ಕೆಂಪು ದೀಪ ಆರಿಸಲು ಸಾಕೆಟ್ಟಿನ ಒಳಗೆ ನ್ಯೂಟ್ರಲ್ಲನ್ನೇ ಅರ್ಥ್ ಪಿನ್ನಿಗೆ ಒಂದು ತುಂಡು ವೈರಿನಲ್ಲಿ ಸೇರಿಸಿ ಕೊಡುವವರಿದ್ದಾರೆ. ದೀಪ ಹಸಿರಾಗುತ್ತದೆ. ಗಾಳಿಮಳೆಯಲ್ಲಿ ಕಂಬದ ಮೇಲೆ ನ್ಯೂಟ್ರಲ್ ತುಂಡಾದ ಕ್ಷಣ ಕಾರಿನ ಇಡೀ ಮೈಗೆ 230 ವೋಲ್ಟ್ ಬರುತ್ತದೆ. ಒದ್ದೆ ಅಂಗಳದಲ್ಲಿ ಬರಿಗಾಲಲ್ಲಿ ನಿಂತು ಬಾಗಿಲು ಹಿಡಿಯುವುದು ಮನೆಯ ಮಗುವೇ ಆಗಿರಬಹುದು. ಹಾಗೆ ಮಾಡಿದ ಸಾಕೆಟ್ಟುಗಳನ್ನು ನಾನು ಎರಡು ಕಡೆ ಬಿಚ್ಚಿ ತೆಗೆದಿದ್ದೇನೆ, ಆ ರಾತ್ರಿ ಊಟ ಇಳಿದಿಲ್ಲ.

ಉಳಿದ ವೈರಿಂಗ್ ಚಿಕ್ಕದಾಗಿ. ಕಾರಿಗೆ ಪ್ರತ್ಯೇಕ ಲೈನ್ ಬೇಕು, ಮೇನ್ ಬೋರ್ಡಿನಿಂದ ನೇರ. 15 ಆಂಪ್ ಚಾರ್ಜರಿಗೆ 4 ಸ್ಕ್ವೇರ್ ಎಂಎಂ ತಾಮ್ರ, 7 ಕಿಲೋವಾಟ್‌ನ ಗೋಡೆ ಪೆಟ್ಟಿಗೆಗೆ 6. ಕೊಟ್ಟಿಗೆ ದೂರ ಇದ್ದರೆ ಇನ್ನೊಂದು ಸೈಜ್ ಮೇಲೆ. ಸಾಮಾನ್ಯ ಸಾಕೆಟ್ ಬೇಡ. ಎಂಟು ಗಂಟೆ ಸತತ 14–15 ಆಂಪ್ ಹರಿದರೆ ಅದು ಮೆತ್ತಗಾಗಿ ಸುಟ್ಟ ಬಳೆಯ ವಾಸನೆ ಬರುತ್ತದೆ. ಕೈಗಾರಿಕಾ ಸಾಕೆಟ್ ಹಾಕಿಸಿ. ಕರೆಂಟು ಸೋರಿದರೆ ತಾನೇ ಲೈನ್ ಕಡಿಯುವ 30 ಮಿಲಿ ಆಂಪ್ ಆರ್‌ಸಿಸಿಬಿ, ಅದರಲ್ಲೂ ಟೈಪ್ ಎ. ಸಿಡಿಲಿನ ಹೊಡೆತ ತಡೆಯಲು ಎಸ್‌ಪಿಡಿ. ಆದರೂ ಏಪ್ರಿಲ್–ಮೇ ಸಂಜೆ ಪಶ್ಚಿಮದಲ್ಲಿ ಮೋಡ ಕಟ್ಟಿದರೆ ಚಾರ್ಜಿಂಗ್ ಗನ್ ಕಿತ್ತು ಇಡಿ. ಮಂಜೂರಾದ ಲೋಡ್ ಹೆಚ್ಚಿಸಲು ನಮಗೆ ಕರೆಂಟು ಕೊಡುವ ಮೆಸ್ಕಾಂಗೆ ಅರ್ಜಿ ಕೊಡಿ. ಗೃಹಜ್ಯೋತಿಯಲ್ಲಿರುವವರು ಇದನ್ನು ಗಮನಿಸಬೇಕು: ಕಾರು ಸೇರಿ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರಾ ಬಿಲ್ ಕಟ್ಟಬೇಕು. ಇವಿ ಚಾರ್ಜಿಂಗಿಗೆ ಪ್ರತ್ಯೇಕ ಮೀಟರ್, ಪ್ರತ್ಯೇಕ ದರ ಇದೆ. ಎರಡನ್ನೂ ತೂಗಿ ನೋಡಿ.

ಯಾವ ಹೊತ್ತಿಗೆ ಚಾರ್ಜ್ ಮಾಡಬೇಕು

"ನಮ್ಮದು ಶರಾವತಿ ಕರೆಂಟು, ನೀರಿಂದ ಬರೋದು, ನಮಗೇನು ಹೊಗೆ?" ಎನ್ನುವವರಿದ್ದಾರೆ. ತಂತಿಗೆ ಊರು ಗೊತ್ತಿಲ್ಲ. ಶರಾವತಿಯ 1,035 ಮೆಗಾವಾಟ್, ರಾಯಚೂರು–ಬಳ್ಳಾರಿಯ ಕಲ್ಲಿದ್ದಲು, ಕೈಗಾದ ಅಣು, ಪಾವಗಡದ ಬಿಸಿಲು, ಚಿತ್ರದುರ್ಗದ ಗಾಳಿ ಎಲ್ಲ ಒಂದೇ ಕೆರೆಗೆ ಬಿದ್ದು ಎಲ್ಲರ ಮನೆಗೂ ಹೋಗುವುದು. ಆದರೆ ಆ ಕೆರೆಯ ನೀರು ದಿನವಿಡೀ ಒಂದೇ ಬಣ್ಣದ್ದಲ್ಲ. ಹಗಲು ಹನ್ನೊಂದರಿಂದ ಮೂರರವರೆಗೆ ಬಿಸಿಲಿನ ಕರೆಂಟು ಧಾರಾಳ. ಸಂಜೆ ಆರರಿಂದ ಹತ್ತರವರೆಗೆ ಎಲ್ಲರ ಮನೆಯ ದೀಪ, ಮಿಕ್ಸಿ, ಟಿವಿ ಒಟ್ಟಿಗೆ, ಬಿಸಿಲು ಇಲ್ಲ.

ಶರಾವತಿ ಕಣಿವೆಯಲ್ಲಿ 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಮಾಡಬೇಕೆಂದು ಹೊರಟಿರುವುದು ಈ ಸಂಜೆಯ ಕೊರತೆ ತುಂಬಲು. ಹಗಲು ಗೇರುಸೊಪ್ಪೆಯಿಂದ ನೀರನ್ನು ತಲಕಳಲೆಗೆ ಎತ್ತುವುದು, ಸಂಜೆ ಬಿಡುವುದು. ಆ ಜಾಗ 2019ರಲ್ಲಿ ಘೋಷಣೆಯಾದ ಸಿಂಗಳೀಕ ಅಭಯಾರಣ್ಯದೊಳಗೆ ಬರುತ್ತದೆ. ಒಮ್ಮೆ ಮುಳುಗಿದವರ ಮೊಮ್ಮಗನಾಗಿ ನಾನು ಆ ಯೋಜನೆಯನ್ನು ಒಪ್ಪುವುದಿಲ್ಲ, ಸಭೆಗಳಿಗೂ ಹೋಗಿದ್ದೇನೆ. ಸಭೆಯಲ್ಲಿ ಘೋಷಣೆ ಕೂಗಿ ಬಂದು ಸಂಜೆ ಏಳಕ್ಕೆ ಕಾರನ್ನು ಪ್ಲಗ್ಗಿಗೆ ಹಾಕುವುದು ನನ್ನ ಮನಸ್ಸಿಗೆ ಸರಿ ಕಾಣಲಿಲ್ಲ. ಅಂದಿನಿಂದ ಹಗಲು ಊಟಕ್ಕೆ ಮನೆಗೆ ಬರುವ ದಿನ ಆಗಲೇ ಚಾರ್ಜಿಗೆ ಹಾಕುತ್ತೇನೆ. ಆಗದ ದಿನ ಟೈಮರ್ ಇಟ್ಟು ರಾತ್ರಿ ಹನ್ನೊಂದರ ಮೇಲೆ. ಬೇಸಿಗೆಯಲ್ಲಿ ತೋಟದ ಪಂಪುಗಳು ಎದ್ದು ವೋಲ್ಟೇಜ್ 170ಕ್ಕೆ ಬೀಳುವ ಹೊತ್ತನ್ನೂ ನೀವು ನಿಮ್ಮ ಟಿಸಿ (ಟ್ರಾನ್ಸ್‌ಫಾರ್ಮರ್) ನೋಡಿಕೊಂಡು ತಪ್ಪಿಸಬೇಕು.

ಮಾಡಿನ ಮೇಲೆ ಸೋಲಾರ್ ಹಾಕಿಸುವುದಾದರೆ 3 ಕಿಲೋವಾಟ್ ಸಾಕು. ಪಿಎಂ ಸೂರ್ಯಘರ್‌ನಲ್ಲಿ ಅದಕ್ಕೆ 78,000 ರೂಪಾಯಿವರೆಗೆ ಸಹಾಯಧನ. ನಮ್ಮ ಮನೆಯಲ್ಲಿ ಮಾರ್ಚ್‌ನಲ್ಲಿ ದಿನಕ್ಕೆ 13 ಯೂನಿಟ್ ಬರುತ್ತದೆ. ಪುನರ್ವಸು ಮಳೆ ಹಿಡಿದ ವಾರ 3 ಬಂದರೆ ಪುಣ್ಯ. ಅಡಿಕೆ ಮರದ ನೆರಳು ಒಂದು ಹಲಗೆಯ ಮೂಲೆಗೆ ಬಿದ್ದರೂ ಸಾಲಿನ ಉತ್ಪಾದನೆ ಇಳಿಯುತ್ತದೆ. ಮಳೆಗಾಲ ಮುಗಿದ ಮೇಲೆ ಹಲಗೆಯ ಕೆಳಅಂಚಿನಲ್ಲಿ ಹಾವಸೆ ಬೆಳೆದಿರುತ್ತದೆ, ಬಟ್ಟೆಯಲ್ಲಿ ಒರೆಸಿ, ಕೆರೆಯಬೇಡಿ.

ಯಾರೂ ಮೊದಲೇ ಹೇಳದ ಒಂದು ವಿಷಯ: ಮಿಕ್ಕಿದ ಕರೆಂಟನ್ನು ಗ್ರಿಡ್ಡಿಗೆ ಕೊಡುವ ನೆಟ್ ಮೀಟರಿನ ಸಾಮಾನ್ಯ ಸೋಲಾರ್ ಮೆಸ್ಕಾಂ ಕರೆಂಟು ಹೋದ ಕೂಡಲೇ ತಾನೂ ನಿಲ್ಲುತ್ತದೆ. ಲೈನ್‌ಮನ್ ಕಂಬದ ಮೇಲಿರುವಾಗ ನಿಮ್ಮ ಮನೆಯಿಂದ ಕರೆಂಟು ಹಿಂದಕ್ಕೆ ಹೋಗಬಾರದಲ್ಲ, ಅದಕ್ಕೆ. ಸುಡುಬಿಸಿಲಲ್ಲೂ ಕಾರು ಚಾರ್ಜ್ ಆಗುವುದಿಲ್ಲ. ಮರ ಬಿದ್ದು ಮೂರು ದಿನ ಕರೆಂಟಿಲ್ಲದ ಊರಿನವರು ಬ್ಯಾಟರಿ ಜೊತೆ ಗ್ರಿಡ್ ಇಲ್ಲದೆಯೂ ನಡೆಯುವ ಹೈಬ್ರಿಡ್ ಇನ್ವರ್ಟರ್ ಬಗ್ಗೆ ವಿಚಾರಿಸಿ. ಇಲ್ಲವಾದರೆ ಮೃಗಶಿರಾ ಮಳೆ ಶುರುವಾದಾಗಿನಿಂದ ಕಾರನ್ನು 70ರ ಕೆಳಗೆ ಇಳಿಯಲು ಬಿಡಬೇಡಿ. ರಾತ್ರಿ ಯಾರಿಗಾದರೂ ಎದೆನೋವು ಬಂದರೆ ಶಿವಮೊಗ್ಗ ತಲುಪುವಷ್ಟು ಯಾವಾಗಲೂ ಇರಬೇಕು. ರಸ್ತೆಯ ಮೇಲೆ ಹೊಳೆ ಹರಿಯುತ್ತಿದ್ದರೆ ಬ್ಯಾಟರಿ ಪೆಟ್ಟಿಗೆಗೆ ನೀರು ಹೋಗದು ಎಂಬ ಧೈರ್ಯದ ಮೇಲೆ ಇಳಿಸಬೇಡಿ. ಪೆಟ್ಟಿಗೆ ತಡೆದುಕೊಂಡೀತು, ಸೆಳವು ಕಾರನ್ನೇ ಎತ್ತುತ್ತದೆ.

ಘಾಟಿ

ಹುಲಿಕಲ್ಲಿನಿಂದ ಬಾಳೆಬರೆ ಘಾಟಿ ಇಳಿದು ಹೊಸಂಗಡಿಗೆ ಹೋಗುವವರಿಗೆ, ಆಗುಂಬೆ ಇಳಿಯುವವರಿಗೂ ಇದೇ ಲೆಕ್ಕ. ಸುಮಾರು 500 ಮೀಟರ್ ಎತ್ತರ. ಒಂದೂವರೆ ಟನ್ ಕಾರನ್ನು ಅಷ್ಟು ಮೇಲೆ ಎತ್ತಲು 2 ಯೂನಿಟ್ ಬೇಕು, ದೂರ ಓಡುವ ಖರ್ಚು ಬೇರೆ. ಹತ್ತುವಾಗ ನನ್ನ ಕಾರಿನಲ್ಲಿ 12 ಪರ್ಸೆಂಟ್ ಹೋಗುತ್ತದೆ. ಕುಂದಾಪುರದಿಂದ ಹೊರಡುವಾಗ ಇದನ್ನು ಮೊದಲೇ ಕಳೆದಿಡಿ. ಘಾಟಿ ಕೆಳಗಿನ ಸಿದ್ದಾಪುರದಲ್ಲಿ ಪರದೆ ತೋರಿಸುವ ಕಿಲೋಮೀಟರನ್ನು ನಂಬಿ ಘಾಟಿಗೆ ಹೋಗಬೇಡಿ.

ಇಳಿಯುವಾಗ ತಪ್ಪು ಮಾಡುವವರು ಹೆಚ್ಚು. ಮನೆಯಿಂದ 100 ತುಂಬಿಸಿಕೊಂಡು ಹುಲಿಕಲ್ಲಿಗೆ ಬಂದರೆ ಬ್ಯಾಟರಿಯಲ್ಲಿ ಜಾಗವೇ ಇರುವುದಿಲ್ಲ. ಮೋಟಾರು ಡೈನಮೋ ಆಗಿ ಕಾರನ್ನು ಹಿಡಿಯಬೇಕು, ಹಿಡಿಯಲಾರದು. ಪೂರಾ ಭಾರ ಬ್ರೇಕಿನ ಮೇಲೆ ಬಿದ್ದು ಎರಡನೇ ತಿರುವಿಗೇ ಬಿಸಿ ವಾಸನೆ. ಘಾಟಿ ಇಳಿಯುವ ದಿನ 85ಕ್ಕೆ ನಿಲ್ಲಿಸಿ. ಮೋಟಾರು ಡೈನಮೋ ಆಗಿ ಕಾರು ಹಿಡಿಯುವ ಈ ಕೆಲಸಕ್ಕೆ ರೀಜೆನ್ ಎನ್ನುತ್ತಾರೆ, ಅದನ್ನು ಮೇಲಿನ ಹಂತಕ್ಕೆ ಹಾಕಿ, ಆಕ್ಸಿಲರೇಟರಿನಿಂದ ಕಾಲು ನಿಧಾನ ತೆಗೆಯಿರಿ. ಒದ್ದೆ ತಿರುವಿನಲ್ಲಿ ಮಾತ್ರ ಒಂದು ಹಂತ ಕೆಳಗೆ, ಚಕ್ರ ಜಾರಬಾರದು.

ಆ ಘಾಟಿಯ ಪಕ್ಕದಲ್ಲೇ ಮಾಣಿ ಡ್ಯಾಮಿನ ನೀರು ಗುಡ್ಡದ ಹೊಟ್ಟೆಯೊಳಗಿನ ಸುರಂಗದಲ್ಲಿ ಇಳಿದು, ನೆಲದಡಿಯ ವಾರಾಹಿ ಪವರ್ ಹೌಸಿನಲ್ಲಿ 460 ಮೆಗಾವಾಟ್‌ನ ಯಂತ್ರಗಳನ್ನು ತಿರುಗಿಸುತ್ತದೆ. ಹೊರಗೆ ರಸ್ತೆಯಲ್ಲಿ ನನ್ನ ಕಾರೂ ಅದೇ ಇಳಿಜಾರಿನಿಂದ ತನ್ನ ಪಾಲಿನದನ್ನು ತೆಗೆದುಕೊಳ್ಳುತ್ತದೆ. ಕಳೆದ ಸಲ ಹೋದಾಗ ಹುಲಿಕಲ್ಲಿನಲ್ಲಿ 78 ಇತ್ತು. ಹೊಸಂಗಡಿಯ ಚಾ ಅಂಗಡಿ ಮುಂದೆ ನಿಲ್ಲಿಸಿ ನೋಡಿದಾಗ 80.